ಊಟದ ಅರ್ಧ ಗಂಟೆ: ಯುದ್ಧದ ನಡುವೆ ಕಾರ್ಖಾನೆಗೆ ಬಂದ ಸಂಗೀತ

ಎರಡನೇ ಮಹಾಯುದ್ಧದ ನಡುವೆ ಬಿಬಿಸಿ ಒಂದು ಹಾಡನ್ನು ಕಾರ್ಖಾನೆಗಳ ಕಾರ್ಯಕ್ರಮದಿಂದ ಹೊರಗಿಟ್ಟಿತು. ಹಾಡಿನಲ್ಲಿ ಅಶ್ಲೀಲ ಏನೂ ಇರಲಿಲ್ಲ. ಶತ್ರುವಿನ ಪರ ಒಂದು ಮಾತೂ ಇರಲಿಲ್ಲ. 'ಡೀಪ್ ಇನ್ ದಿ ಹಾರ್ಟ್ ಆಫ್ ಟೆಕ್ಸಾಸ್' ಅನ್ನುವ ಅಮೆರಿಕದ ಜನಪ್ರಿಯ ಹಾಡು ಅದು. ಸಾಲಿನ ನಡುವೆ ನಾಲ್ಕು ಚಪ್ಪಾಳೆ ಬರುತ್ತವೆ, ಅಷ್ಟೆ. ತೊಂದರೆ ಇದ್ದದ್ದು ಆ ಚಪ್ಪಾಳೆಯಲ್ಲೇ. ಆ ಜಾಗ ಬಂದ ಕೂಡಲೇ ಕೆಲಸದವರು ಕೈಯಲ್ಲಿದ್ದ ಸ್ಪ್ಯಾನರ್ರೋ ಸುತ್ತಿಗೆಯೋ ಏನಿದೆಯೋ ಅದನ್ನೇ ಎತ್ತಿ ಟಕಟಕ ಅಂತ ಬಡಿಯುತ್ತಿದ್ದರು. ಕೈ ಕೆಲಸ ಬಿಟ್ಟು ತಾಳ ಹಿಡಿಯುತ್ತಿತ್ತು.

ಇದನ್ನು ಮೊದಲು ಓದಿದಾಗ ನಗು ಬಂತು. ಆಮೇಲೆ ನೆನಪಾದದ್ದು ನಮ್ಮಜ್ಜಿಯ ಬೀಸುಕಲ್ಲು. ಇಬ್ಬರು ಹೆಂಗಸರು ಎದುರುಬದುರು ಕೂತು, ಒಂದೇ ಗೂಟವನ್ನು ಇಬ್ಬರೂ ಹಿಡಿದು, ಒಬ್ಬರು ಹಿಡಿ ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕುತ್ತಾ ಪದ ಎತ್ತಿಕೊಟ್ಟರೆ ಇನ್ನೊಬ್ಬರು ಸೊಲ್ಲು ಹಿಡಿಯುತ್ತಿದ್ದರು. ಅಲ್ಲಿ ಕಲ್ಲು ಎಷ್ಟು ಜೋರಾಗಿ ತಿರುಗಬೇಕು ಅನ್ನುವುದು ಹಾಡುವವರ ಕೈಯಲ್ಲೇ ಇತ್ತು. ದಣಿವಾದರೆ ಪದ ನಿಧಾನ, ಪದದ ಜೊತೆ ಕಲ್ಲೂ ನಿಧಾನ. ಕಾರ್ಖಾನೆಯ ಲೌಡ್‌ಸ್ಪೀಕರ್‌ನಲ್ಲಿ ಇದು ತಲೆಕೆಳಗಾಯಿತು. ಹಾಡು ಯಾವುದು, ಎಷ್ಟು ಹೊತ್ತಿಗೆ, ಎಷ್ಟು ಜೋರು ಅನ್ನುವುದನ್ನೆಲ್ಲ ದೂರದ ಲಂಡನ್ನಿನಲ್ಲಿ ಕೂತ ಯಾರೋ ಗೊತ್ತು ಮಾಡುತ್ತಿದ್ದರು. ಆ ನಾಲ್ಕು ಬಡಿತಗಳ ಹೊತ್ತಿನಲ್ಲಿ ಮಾತ್ರ ಹಾಡು ಮತ್ತೆ ಕೆಲಸದವರ ಕೈಗೆ ಬಂದಿತ್ತು. ಅದನ್ನೇ ನಿಲ್ಲಿಸಿದರು.

ಈ ಪ್ರಕರಣವನ್ನು ನಾನು ಈ ಕಡೆಯಿಂದಲೇ ನೋಡುತ್ತಿದ್ದೇನೆ. 1939ರಿಂದ 1946ರವರೆಗೆ ಬ್ರಿಟನ್ ತನ್ನ ಕಾರ್ಮಿಕರ ಹತ್ತಿರಕ್ಕೆ ಹಾಡು, ನಾಟಕ, ಬ್ಯಾಲೆ, ಚಿತ್ರ ಎಲ್ಲವನ್ನೂ ಹೊತ್ತುಕೊಂಡು ಹೋಯಿತು. ಅಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲಿ ಅದಕ್ಕೂ ಮೊದಲು ಆಗಿರಲಿಲ್ಲ. ಆದರೆ ಕಾರ್ಮಿಕ ಕೇಳುಗನಾ, ಹಾಡುಗನಾ? ಈ ಪ್ರಶ್ನೆಗೆ ಒಂದೊಂದು ಸಂಸ್ಥೆ ಒಂದೊಂದು ಉತ್ತರ ಕೊಟ್ಟಿತು.

ಮೊದಲು ಕ್ಯಾಂಟೀನ್ ಬಂತು

1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾದ ತಕ್ಷಣ ಸರ್ಕಾರ ದೇಶದ ನಾಟಕಮಂದಿರ, ಸಿನಿಮಾಮಂದಿರ ಎಲ್ಲವನ್ನೂ ಮುಚ್ಚಿಸಿತು. ಬಾಂಬ್ ಬಿದ್ದರೆ ಒಂದೇ ಜಾಗದಲ್ಲಿ ಸಾವಿರ ಜನ ಸಾಯುತ್ತಾರೆ ಅನ್ನುವ ಭಯ. ಕೆಲವೇ ವಾರಗಳಲ್ಲಿ ಮತ್ತೆ ತೆರೆದರು, ಅದು ಬೇರೆ ಮಾತು. ಆದರೆ ಅಷ್ಟರಲ್ಲಿ ಕಲಾವಿದರಿಗೆ ಕೆಲಸ ಹೋಗಿತ್ತು, ರಾತ್ರಿ ಊರೆಲ್ಲ ಕತ್ತಲು, ಹೊರಗೆ ಹೋಗುವುದೇ ಕಷ್ಟ.

ಇತ್ತ ಕಾರ್ಖಾನೆಗಳ ಕಥೆ ಉಲ್ಟಾ. 1940ರ ಮೇ ತಿಂಗಳಲ್ಲಿ ಅರ್ನೆಸ್ಟ್ ಬೆವಿನ್ ಕಾರ್ಮಿಕ ಮಂತ್ರಿಯಾದರು. ಎಳೆ ವಯಸ್ಸಿನಲ್ಲೇ ಶಾಲೆ ಬಿಟ್ಟು ಹೊಲದ ಕೂಲಿ ಮಾಡಿ, ಬ್ರಿಸ್ಟಲ್‌ನಲ್ಲಿ ಗಾಡಿ ಹೊಡೆದು, ಆಮೇಲೆ ದೊಡ್ಡ ಕಾರ್ಮಿಕ ಸಂಘ ಕಟ್ಟಿದ ಮನುಷ್ಯ. ಫ್ರಾನ್ಸಿನ ಡನ್ಕರ್ಕ್‌ನಿಂದ ಸೈನ್ಯ ಬರಿಗೈಯಲ್ಲಿ ವಾಪಸ್ ಬಂದಿತ್ತು. ಆ ಬೇಸಿಗೆಯಲ್ಲಿ ಮದ್ದುಗುಂಡಿನ ಕಾರ್ಖಾನೆಗಳು ವಾರಕ್ಕೆ ಏಳೂ ದಿನ ನಡೆದವು. ಮೊದಲು ಉತ್ಪಾದನೆ ಏರಿತು, ಕೆಲವೇ ವಾರಗಳಲ್ಲಿ ಇಳಿಯಿತು. ಜನ ಸುಸ್ತಾಗಿ ಹೋಗಿದ್ದರು. ಮನುಷ್ಯನನ್ನು ಯಂತ್ರದ ಹಾಗೆ ಓಡಿಸಿದರೆ ಯಂತ್ರವೇ ನಿಲ್ಲುತ್ತದೆ ಅನ್ನುವುದು ಆಗ ಅಂಕಿಅಂಶದಲ್ಲೇ ಕಂಡಿತು.

ಅದೇ ವರ್ಷ ಒಂದು ಆದೇಶ ಬಂತು. ಯುದ್ಧದ ಕೆಲಸ ಮಾಡುವ, 250ಕ್ಕಿಂತ ಜಾಸ್ತಿ ಜನ ಇರುವ ಕಾರ್ಖಾನೆಯಲ್ಲಿ ಕ್ಯಾಂಟೀನ್ ಇರಲೇಬೇಕು. ಸಂಗೀತಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ತುಂಬಾ ಇದೆ. ಅಲ್ಲಿಯವರೆಗೆ ಎಷ್ಟೋ ಕಡೆ ಕೆಲಸದವರು ಮನೆಯಿಂದ ತಂದ ಬುತ್ತಿಯನ್ನು ಯಂತ್ರದ ಪಕ್ಕದಲ್ಲೇ ಕೂತು ತಿನ್ನುತ್ತಿದ್ದರು. ಕ್ಯಾಂಟೀನ್ ಬಂದ ಮೇಲೆ ನೂರಾರು ಜನ ಒಂದೇ ಹೊತ್ತಿಗೆ, ಒಂದೇ ಸೂರಿನಡಿ, ಒಂದೇ ಕಡೆ ಮುಖ ಮಾಡಿ ಕೂರುವ ಹಾಗಾಯಿತು. ಒಂದು ಮೂಲೆಯಲ್ಲಿ ನಾಲ್ಕು ಹಲಗೆ ಜೋಡಿಸಿ ಪಿಯಾನೋ ಇಟ್ಟರೆ ಅದೇ ಸಭಾಂಗಣ. ಕಲಾ ಮಂಡಳಿಗಳ ಚರಿತ್ರೆ ಬರೆಯುವವರು ದೊಡ್ಡ ದೊಡ್ಡ ಹೆಸರುಗಳಿಂದ ಶುರು ಮಾಡುತ್ತಾರೆ. ನನ್ನ ಕೇಳಿದರೆ ಅಡುಗೆಮನೆಯಿಂದ ಶುರು ಮಾಡಬೇಕು.

(ನಮ್ಮ 1948ರ ಕಾರ್ಖಾನೆ ಕಾಯ್ದೆಯ 46ನೇ ಕಲಮಿನಲ್ಲೂ ಕ್ಯಾಂಟೀನಿಗೆ ಇದ್ದ ಗೆರೆ ಅದೇ 250. ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ನೋಡಿದವರಿಗೆ ಊಟದ ಹಾಲ್ ಹೇಗೆ ರಂಗಮಂದಿರ ಆಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.)

ಲೌಡ್‌ಸ್ಪೀಕರ್‌ನ ಲೆಕ್ಕಾಚಾರ

ಮೊದಲ ಉತ್ತರ ಬಿಬಿಸಿಯದ್ದು. 1940ರ ಜೂನ್ 23ರಂದು 'ಮ್ಯೂಸಿಕ್ ವೈಲ್ ಯು ವರ್ಕ್' ಶುರುವಾಯಿತು. ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ. 1942ರಿಂದ ರಾತ್ರಿ ಪಾಳಿಗೂ ಅರ್ಧ ಗಂಟೆ. ಎರಿಕ್ ಕೋಟ್ಸ್ ಬರೆದ 'ಕಾಲಿಂಗ್ ಆಲ್ ವರ್ಕರ್ಸ್' ಇದರ ಗುರುತಿನ ರಾಗ.

ದಿನವಿಡೀ ಯಾಕೆ ಹಾಕಲಿಲ್ಲ? ಅದಕ್ಕೊಂದು ಕಾರಣ ಇತ್ತು. ಯುದ್ಧಕ್ಕೆ ಮೊದಲೇ ಬ್ರಿಟನ್ನಿನಲ್ಲಿ ಒಂದೇ ಥರದ ಕೆಲಸ ಮತ್ತು ಬೇಸರದ ಬಗ್ಗೆ ಅಧ್ಯಯನ ನಡೆದಿತ್ತು. ಬೇಸರ ಹೆಚ್ಚುವುದು ಪಾಳಿಯ ನಡುವೆ. ಆಗ ಸ್ವಲ್ಪ ಹೊತ್ತು ಸಂಗೀತ ಇದ್ದರೆ ಉಪಯೋಗ, ಸದಾ ಇದ್ದರೆ ಕಿವಿಗೆ ಅದೂ ಇನ್ನೊಂದು ಯಂತ್ರದ ಸದ್ದು. ಹೀಗಾಗಿ ಅಳತೆ ಮಾಡಿ ಕೊಟ್ಟರು, ಔಷಧಿ ಕೊಟ್ಟ ಹಾಗೆ.

ನಿಯಮಗಳೂ ಹಾಗೇ ಇದ್ದವು. ನಿದ್ದೆ ತರಿಸುವ ನಿಧಾನ ರಾಗ ಬೇಡ. ಸದ್ದು ಒಮ್ಮೆ ಏರಿ ಒಮ್ಮೆ ಇಳಿಯುವುದು ಬೇಡ, ಇಳಿದಾಗ ಯಂತ್ರದ ಗದ್ದಲದಲ್ಲಿ ಏನೂ ಕೇಳುವುದಿಲ್ಲ. ಡ್ರಮ್ಮಿನ ಅಂಚಿಗೆ ಫಟ್ ಅಂತ ಹೊಡೆಯುವುದು ಬೇಡ, ಲೌಡ್‌ಸ್ಪೀಕರ್‌ನಲ್ಲಿ ಅದು ಗುಂಡಿನ ಸದ್ದಿನ ಹಾಗೆ ಕೇಳಿಸುತ್ತದೆ. ಬಾಂಬಿನ ಕಾಲದಲ್ಲಿ ಯಾರಿಗೆ ಬೇಕು ಆ ಗಾಬರಿ? ಈ ಕೆಲಸಕ್ಕೇ ಅಂತ ನೇಮಕವಾದ ವಿನ್‌ಫರ್ಡ್ ರೆನಾಲ್ಡ್ಸ್ ಯಾವ ವಾದ್ಯ, ಯಾವ ಲಯ ಕೆಲಸದ ಜಾಗದಲ್ಲಿ ಸರಿಯಾಗಿ ಕೇಳಿಸುತ್ತದೆ ಅನ್ನುವುದರಲ್ಲೇ ಮುಳುಗಿದರು.

ಇದನ್ನು ಸುಮ್ನೆ ಗೇಲಿ ಮಾಡುವುದು ಸುಲಭ. ನಾನೂ ಮೊದಲು ಹಾಗೇ ಮಾಡಿದ್ದೆ. ಆದರೆ ಎಂಟು ಹತ್ತು ಗಂಟೆ ಒಂದೇ ಗುಂಡಿಗೆ ಒಂದೇ ಮೊಳೆ ಕೂರಿಸುವ ಹುಡುಗಿಗೆ ಬೆಳಿಗ್ಗೆ ಹತ್ತೂವರೆಗೆ ಆ ರಾಗ ಶುರುವಾದಾಗ ಏನನ್ನಿಸುತ್ತಿತ್ತು ಅಂತ ಯೋಚಿಸಿ. ಕಾರ್ಯಕ್ರಮ 1967ರವರೆಗೂ ನಡೆಯಿತು. ಯುದ್ಧ ಮುಗಿದು ಇಪ್ಪತ್ತೆರಡು ವರ್ಷ. ಬರೀ ಬಲವಂತದ ಮಾಘಸ್ನಾನ ಆಗಿದ್ದರೆ ಅಷ್ಟು ದಿನ ಬಾಳುತ್ತಿತ್ತಾ? ನನ್ನ ತಕರಾರು ಬೇರೆ. ಅಲ್ಲಿ ಕಾರ್ಮಿಕಳು ಕೇಳುಗಳೂ ಅಲ್ಲ, ಹಾಡುಗಳೂ ಅಲ್ಲ. ಎಣ್ಣೆ ಬಿಟ್ಟ ಯಂತ್ರದ ಭಾಗ.

ತಟ್ಟೆ ಚಮಚದ ಸದ್ದಿನ ನಡುವೆ

ಎರಡನೇ ಉತ್ತರ ಕ್ಯಾಂಟೀನಿನೊಳಗೆ. ನಾಟಕದ ಬೇಸಿಲ್ ಡೀನ್ ಮತ್ತು ನಟ ಲೆಸ್ಲಿ ಹೆನ್ಸನ್ 1939ರಲ್ಲಿ ಕಟ್ಟಿದ ಎನ್ಸಾ (ENSA) ಅನ್ನುವ ಸಂಸ್ಥೆ ಸೈನಿಕರ ಮನರಂಜನೆಗೆ ಹುಟ್ಟಿದ್ದು. 1940ರಿಂದ ಬೆವಿನ್ ಅವರ ಒತ್ತಾಸೆಯಲ್ಲಿ ಕಾರ್ಖಾನೆಗಳಿಗೂ ಬಂತು. ಹಾಸ್ಯ, ಜನಪ್ರಿಯ ಹಾಡು, ಅಕಾರ್ಡಿಯನ್, ನೃತ್ಯ. ಗುಣಮಟ್ಟ ಒಂದೊಂದು ದಿನ ಒಂದೊಂದು ಥರ. ಜನ ಆ ಹೆಸರಿನ ಅಕ್ಷರಗಳನ್ನೇ ಬಿಡಿಸಿ 'ದಿನಾ ರಾತ್ರಿ ಏನೋ ಒಂದು ದರಿದ್ರ' ಅನ್ನುವ ಅರ್ಥ ಬರುವ ಹಾಗೆ ಆಡಿಕೊಂಡರು. ಬಿಬಿಸಿ 1941ರ ಮೇ ಕೊನೆಯಿಂದ 'ವರ್ಕರ್ಸ್ ಪ್ಲೇಟೈಮ್' ಅಂತ ಕ್ಯಾಂಟೀನಿನಿಂದಲೇ ನೇರಪ್ರಸಾರ ಶುರು ಮಾಡಿತು. ಊರ ಹೆಸರು ಹೇಳುವಂತಿಲ್ಲ, ಶತ್ರು ಕೇಳಿಸಿಕೊಂಡರೆ ಕಾರ್ಖಾನೆ ಎಲ್ಲಿದೆ ಅಂತ ಗೊತ್ತಾಗುತ್ತದೆ. 'ಬ್ರಿಟನ್ನಿನ ಎಲ್ಲೋ ಒಂದು ಕಡೆಯಿಂದ' ಅನ್ನುತ್ತಿದ್ದರು. ಅದೂ 1964ರವರೆಗೆ ನಡೆಯಿತು.

ಕ್ಯಾಂಟೀನಿನ ಅರ್ಧ ಗಂಟೆ ಅಂದರೆ ಏನು ಅಂತ ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಸೂಪಿನ ಹಬೆ, ಎಲೆಕೋಸಿನ ವಾಸನೆ, ತಟ್ಟೆಗಳ ಗಲಾಟೆ. ಹಿಂದಿನ ಸಾಲಿನವರು ಇನ್ನೂ ಟ್ರೇ ಹಿಡಿದು ನಿಂತಿದ್ದಾರೆ, ಮುಂದಿನವರು ತಿಂದು ಮುಗಿಸಿ ಸಿಗರೇಟು ಹಚ್ಚಿದ್ದಾರೆ. ಹಾಡುವವರಿಗೆ ಮೈಕು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಿಯಾನೋದ ಶ್ರುತಿ ದೇವರಿಗೇ ಪ್ರೀತಿ. ಸೈರನ್ ಕೂಗಿದರೆ ಹಾಡು ಎಲ್ಲಿದ್ದರೂ ಅಲ್ಲಿಗೇ ನಿಲ್ಲಬೇಕು. ಸಭ್ಯ ಸಭೆಯಲ್ಲಿ ಹಾಡಿ ಅಭ್ಯಾಸ ಆದವರಿಗೆ ಇದು ಬೇರೆಯೇ ಪರೀಕ್ಷೆ. ಇಷ್ಟವಾಗದಿದ್ದರೆ ಯಾರೂ ಕೂಗಾಡಬೇಕಿಲ್ಲ, ಪಕ್ಕದವರ ಜೊತೆ ಮಾತು ಮುಂದುವರಿಸಿದರೆ ಸಾಕು.

ಇಂಥ ಜಾಗಗಳಲ್ಲೇ ಪಳಗಿದವರು ಕ್ಯಾಥ್ಲೀನ್ ಫೆರಿಯರ್. ಲ್ಯಾಂಕಾಶೈರಿನವರು, ಹದಿನಾಲ್ಕಕ್ಕೆ ಶಾಲೆ ಬಿಟ್ಟು ಬ್ಲ್ಯಾಕ್‌ಬರ್ನ್‌ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. 1941ರಿಂದ ಉತ್ತರದ ಊರುಗಳಲ್ಲಿ, ಕಾರ್ಖಾನೆಗಳಲ್ಲಿ, ಶಾಲೆಗಳಲ್ಲಿ ಹಾಡುತ್ತಾ ತಿರುಗಿದರು. ಕತ್ತಲಲ್ಲಿ ರೈಲು ಬದಲಿಸಿಕೊಂಡು, ದಿನಕ್ಕೊಂದು ಊರು. ಆ ತಗ್ಗು ಸ್ಥಾಯಿಯ ದನಿ ಕೆಲವೇ ವರ್ಷಗಳಲ್ಲಿ ಯೂರೋಪಿನ ದೊಡ್ಡ ದನಿಯಾಯಿತು, 1953ರಲ್ಲಿ ಕ್ಯಾನ್ಸರ್ ಬಂದು ತೀರಿಕೊಂಡರು. ಅವರನ್ನು ಕಾರ್ಖಾನೆಗಳಿಗೆ ಕಳಿಸಿದ್ದು ಎನ್ಸಾ ಅಲ್ಲ, ಮೂರನೇ ಸಂಸ್ಥೆ.

ಇಪ್ಪತ್ತೈದು ಸಾವಿರ ಪೌಂಡು ಮತ್ತು ಆರು ಸಂಚಾರಿಗಳು

ಅದು ಸೆಮಾ. ಸಂಗೀತ ಮತ್ತು ಕಲೆಗಳಿಗೆ ಪ್ರೋತ್ಸಾಹ ಕೊಡುವ ಮಂಡಳಿ. 1940ರ ಆರಂಭದಲ್ಲಿ ಹುಟ್ಟಿತು. ಮೊದಲ ದುಡ್ಡು ಸರ್ಕಾರದ್ದಲ್ಲ. ಅಮೆರಿಕದ ದಾನಿಯೊಬ್ಬರ ಹಣದಲ್ಲಿ ಕಟ್ಟಿದ್ದ ಪಿಲ್‌ಗ್ರಿಮ್ ಟ್ರಸ್ಟ್ 25,000 ಪೌಂಡ್ ಕೊಟ್ಟಿತು, ಆಮೇಲೆ ಖಜಾನೆಯೂ ಅಷ್ಟೇ ಸೇರಿಸಿತು. ಟ್ರಸ್ಟಿನ ಕಾರ್ಯದರ್ಶಿ ಥಾಮಸ್ ಜೋನ್ಸ್ ಇದರ ಹಿಂದಿನ ಜೀವ. ವೇಲ್ಸಿನ ರಿಮ್ನಿ ಅನ್ನುವ ಊರಿನವರು, ಹುಡುಗನಾಗಿದ್ದಾಗ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲೇ ಹಾಜರಿ ಬರೆಯುವ ಗುಮಾಸ್ತರಾಗಿದ್ದವರು. ಜನರಿಗೆ ಕಲೆ ಅಂದರೆ ಮೇಲಿಂದ ಸುರಿಯುವುದಲ್ಲ ಅಂತ ಅವರಿಗೆ ಗೊತ್ತಿತ್ತು ಅನಿಸುತ್ತದೆ. ಯಾಕೆಂದರೆ ಅವರ ಊರುಗಳಲ್ಲಿ ಗಣಿಗಾರರ ಗಾಯನ ತಂಡಗಳು ಮೊದಲೇ ಇದ್ದವು.

ಸೆಮಾ ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಂಗೀತ ಸಂಚಾರಿಗಳು. ರಾಜನ ಆಸ್ಥಾನದ ಸಂಗೀತ ಗುರು ವಾಲ್‌ಫರ್ಡ್ ಡೇವಿಸ್ ಅವರ ಆಸಕ್ತಿಯಿಂದ ಬಂದ ಯೋಜನೆ. ಮೊದಲಿಗೆ ಆರು ಜನ. ಕಚೇರಿ ಕೊಡುವುದು ಅವರ ಕೆಲಸವಲ್ಲ. ಊರೂರಿಗೆ ಹೋಗಿ ಅಲ್ಲಿ ಯಾರು ಹಾಡುತ್ತಾರೆ, ಯಾರ ಮನೆಯಲ್ಲಿ ಪಿಟೀಲು ಧೂಳು ತಿನ್ನುತ್ತಿದೆ, ಬ್ಯಾಂಡಿನಲ್ಲಿ ಯಾರು ಸೈನ್ಯಕ್ಕೆ ಹೋಗಿ ಜಾಗ ಖಾಲಿಯಾಗಿದೆ ಅಂತ ನೋಡಿ, ಉಳಿದವರನ್ನು ಕೂಡಿಸಿ ಹಾಡಿಸುವುದು, ನುಡಿಸುವುದು. ಈ ಆರು ಜನರಲ್ಲಿ ಒಬ್ಬರು ಇಮೊಜೆನ್ ಹೋಲ್ಸ್ಟ್, ಸಂಗೀತಕಾರ ಗುಸ್ಟಾವ್ ಹೋಲ್ಸ್ಟ್ ಅವರ ಮಗಳು. ಆಕ್ಸ್‌ಫರ್ಡ್‌ಶೈರಿನಿಂದ ಕಾರ್ನ್‌ವಾಲ್‌ವರೆಗೆ ಪಶ್ಚಿಮ ಇಂಗ್ಲೆಂಡೆಲ್ಲ ಒಬ್ಬರದೇ ಪಾಲು. ಹಳ್ಳಿಯ ಬ್ಯಾಂಡನ್ನು ಕೋಲು ಹಿಡಿದು ನಡೆಸುವುದು, ಬಾಂಬಿಗೆ ಹೆದರಿ ನಗರದಿಂದ ಕಳಿಸಿದ ಮಕ್ಕಳನ್ನು ಕೂರಿಸಿ ಹಾಡಿಸುವುದು. ಹೊಲದ ಆಳು, ಅಂಗಡಿಯವ, ಗೃಹಿಣಿ, ಯಾರಾದರೂ ಆಗಬಹುದು.

ಇಲ್ಲಿ ಬೀಸುಕಲ್ಲಿನ ಗೂಟ ಮತ್ತೆ ಹಾಡುವವರ ಕೈಗೆ ಬಂತು.

ಇದೇ ಸೆಮಾ ದುಡ್ಡಿನಲ್ಲಿ 1940ರಲ್ಲಿ ಲಂಡನ್ನಿನ ಓಲ್ಡ್ ವಿಕ್ ನಾಟಕ ತಂಡ ವೇಲ್ಸಿನ ಗಣಿ ಊರುಗಳಿಗೆ 'ಮ್ಯಾಕ್‌ಬೆತ್' ಹೊತ್ತುಕೊಂಡು ಹೋಯಿತು. ಲೂಯಿಸ್ ಕ್ಯಾಸನ್ ಮತ್ತು ಸಿಬಿಲ್ ಥಾರ್ನ್‌ಡೈಕ್ ಮುಖ್ಯ ಪಾತ್ರಗಳಲ್ಲಿ. ಮರುವರ್ಷ ಗ್ರೀಕ್ ನಾಟಕ 'ಮೀಡಿಯಾ'. ಗಣಿಗಾರರಿಗೆ ಇದೆಲ್ಲ ಅರ್ಥವಾಗುತ್ತದಾ ಅಂತ ಲಂಡನ್ನಿನವರು ಹುಬ್ಬೇರಿಸಬಹುದು. ಆದರೆ ಆ ನಾಟಕಗಳು ನಡೆದ ಎಷ್ಟೋ ಸಭಾಂಗಣಗಳನ್ನು ಗಣಿಗಾರರು ವಾರದ ಸಂಬಳದಿಂದ ಪುಡಿಗಾಸು ಕೂಡಿಸಿ ತಾವೇ ಕಟ್ಟಿಸಿದ್ದರು, ಒಳಗೆ ಗ್ರಂಥಾಲಯ ಬೇರೆ. ಹಾಗೆ ನೋಡಿದರೆ ಅತಿಥಿಗಳು ನಟರೇ. ನಮ್ಮ ಕಡೆ ಊರಿನವರು ವಂತಿಗೆ ಹಾಕಿ, ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ಕೊಟ್ಟು, ಪೌರಾಣಿಕ ನಾಟಕ ಕಟ್ಟುವವರಿಗೆ ಈ ಹಕ್ಕಿನ ಭಾವ ಏನು ಅಂತ ಗೊತ್ತು. 'ಇದು ನಮ್ದು' ಅನ್ನುವ ಜಾಗದಲ್ಲಿ ಕೂತು ನೋಡುವುದೇ ಬೇರೆ.

ಸಂಗೀತಕಾರ ಬ್ರಿಟನ್ ಮತ್ತು ಗಾಯಕ ಪಿಯರ್ಸ್ ಜೋಡಿಯೂ 1942ರಲ್ಲಿ ಅಮೆರಿಕದಿಂದ ವಾಪಸ್ ಬಂದ ಮೇಲೆ ಸೆಮಾ ಪರವಾಗಿ ಸಣ್ಣಸಣ್ಣ ಊರುಗಳಲ್ಲಿ ಕಚೇರಿ ಕೊಟ್ಟಿತು (ಬೆಂಜಮಿನ್ ಬ್ರಿಟನ್, ದೇಶದ ಹೆಸರಲ್ಲ!). ಇಬ್ಬರೂ ಯುದ್ಧ ಮಾಡುವುದಿಲ್ಲ ಅಂದವರು. ಬ್ಯಾಲೆ ರಾಂಬೇರ್ ತಂಡ ಕಾರ್ಖಾನೆ ಕೆಲಸದವರ ಹಾಸ್ಟೆಲುಗಳಿಗೆ ಹೋಗಿ ಕುಣಿಯಿತು. 1941ರ ಡಿಸೆಂಬರಿನಲ್ಲಿ ಮದುವೆಯಾಗದ ಹೆಂಗಸರನ್ನೂ ಕಾನೂನು ಮಾಡಿ ಯುದ್ಧದ ಕೆಲಸಕ್ಕೆ ಎಳೆದುಕೊಂಡ ಮೇಲೆ ಈ ಹಾಸ್ಟೆಲುಗಳಲ್ಲಿ ಮನೆ ಬಿಟ್ಟು ಬಂದ ಹುಡುಗಿಯರೇ ಜಾಸ್ತಿ. ಸಂಜೆ ಪಾಳಿ ಮುಗಿಸಿ ಬಂದರೆ ಸುತ್ತ ಏನೂ ಇಲ್ಲ. ಅವರಿಗೆ ಈ ಪ್ರದರ್ಶನಗಳು ಎಷ್ಟು ಮುಖ್ಯ ಆಗಿದ್ದವು ಅಂತ ಪೀಣ್ಯದಲ್ಲಿ ಪೀಜಿ ಹಿಡಿದು ಗಾರ್ಮೆಂಟ್ಸಿಗೆ ಹೋಗುವ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಚಿತ್ರಗಳನ್ನೆಲ್ಲ ವೇಲ್ಸಿಗೆ ಸಾಗಿಸಿ ಖಾಲಿಯಾದ ಕಟ್ಟಡದಲ್ಲಿ ಪಿಯಾನೋ ವಾದಕಿ ಮೈರಾ ಹೆಸ್ 1939ರ ಅಕ್ಟೋಬರ್ 10ರಂದು ಮಧ್ಯಾಹ್ನದ ಕಚೇರಿ ಶುರು ಮಾಡಿದರು. ಒಳಗೆ ಬರಲು ಒಂದು ಶಿಲಿಂಗ್. 1946ರ ಏಪ್ರಿಲ್‌ವರೆಗೆ 1,698 ಕಚೇರಿಗಳು, ಎಂಟು ಲಕ್ಷಕ್ಕಿಂತ ಜಾಸ್ತಿ ಜನ. ಬಾಂಬ್ ದಾಳಿಯ ದಿನಗಳಲ್ಲಿ ನೆಲಮಾಳಿಗೆಗೆ ಇಳಿದರು. ಜೇನು ಮತ್ತು ಒಣದ್ರಾಕ್ಷಿಯ ಸ್ಯಾಂಡ್‌ವಿಚ್ ಫೇಮಸ್ ಆಯಿತು. ದೊಡ್ಡವರಿಗೂ ಸಣ್ಣವರಿಗೂ ಒಂದೇ ಸಂಭಾವನೆ, ಐದು ಗಿನಿ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಅಲ್ಲಿಗೆ ಬರಲು ಸಾಧ್ಯವಿದ್ದದ್ದು ಮಧ್ಯಾಹ್ನ ಒಂದು ಗಂಟೆಗೆ ಟ್ರಫಾಲ್ಗರ್ ಚೌಕದ ಸುತ್ತಮುತ್ತ ಇರುವವರಿಗೆ. ಲೇತಿನ ಮುಂದೆ ನಿಂತವನಿಗಲ್ಲ.

ಕೇನ್ಸ್ ಬಂದರು

1942ರ ಏಪ್ರಿಲ್‌ನಲ್ಲಿ ಟ್ರಸ್ಟ್ ಕೈ ತೊಳೆದುಕೊಂಡಿತು. ಸೆಮಾ ಪೂರ್ತಿ ಸರ್ಕಾರದ ದುಡ್ಡಿಗೆ ಬಂತು. ಅಧ್ಯಕ್ಷರಾಗಿ ಜಾನ್ ಮೇನಾರ್ಡ್ ಕೇನ್ಸ್ ಬಂದರು. ಹೌದು, ಅದೇ ಅರ್ಥಶಾಸ್ತ್ರಜ್ಞ. ಕೆಲಸದ ಜೀವನ ಶುರು ಮಾಡಿದ್ದು ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ, ಮೊದಲ ಪುಸ್ತಕ ಬರೆದದ್ದು ಭಾರತದ ನಾಣ್ಯ ವ್ಯವಸ್ಥೆಯ ಮೇಲೆ. ಹೆಂಡತಿ ಲಿಡಿಯಾ ಲೊಪೊಕೋವಾ ರಷ್ಯಾದ ಹೆಸರಾಂತ ಬ್ಯಾಲೆ ಕಲಾವಿದೆ. ಕೇಂಬ್ರಿಜ್‌ನಲ್ಲಿ ತಾವೇ ನಿಂತು ಒಂದು ರಂಗಮಂದಿರ ಕಟ್ಟಿಸಿದವರು. ಕಲೆಯ ಮೇಲಿನ ಅವರ ಪ್ರೀತಿಯನ್ನು ಯಾರೂ ಅನುಮಾನಿಸುವಂತಿಲ್ಲ.

ಆದರೆ ಅವರಿಗೆ ಬೇಕಿದ್ದದ್ದು ಮೇಲ್ಮಟ್ಟದ ಕಲೆ. ಹಳ್ಳಿಯ ಬ್ಯಾಂಡು, ಹವ್ಯಾಸಿ ಗಾಯನ ತಂಡ ಇವೆಲ್ಲ ಅವರಿಗೆ ಸಮಾಜಸೇವೆಯ ಹಾಗೆ ಕಂಡವು, ಕಲೆಯ ಹಾಗೆ ಅಲ್ಲ. ಸೆಮಾದ ಘೋಷಣೆ 'ಅತ್ಯುತ್ತಮವಾದದ್ದು, ಅತಿ ಹೆಚ್ಚು ಜನಕ್ಕೆ' ಅನ್ನುವ ಅರ್ಥದ್ದು. ಅದರಲ್ಲಿ ಮೊದಲ ಅರ್ಧ ನಿಧಾನವಾಗಿ ಎರಡನೇ ಅರ್ಧವನ್ನು ನುಂಗಿತು. ಹವ್ಯಾಸಿಗಳ ಕೆಲಸ ಹಿಂದಕ್ಕೆ ಸರಿಯಿತು. ಆರ್ಕೆಸ್ಟ್ರಾ, ಅಪೆರಾ, ವೃತ್ತಿ ನಾಟಕ ಮುಂದಕ್ಕೆ ಬಂದವು.

ಕೇನ್ಸ್ ಅವರನ್ನು ಖಳನಾಯಕ ಮಾಡುವುದು ನನಗಿಷ್ಟವಿಲ್ಲ. ಸರ್ಕಾರದ ಖಜಾನೆಯಿಂದ ಕಲೆಗೆ ದುಡ್ಡು ಹೊರಡಿಸುವುದು ಆಗ ಹುಡುಗಾಟ ಆಗಿರಲಿಲ್ಲ. 1945ರಲ್ಲಿ ರೇಡಿಯೋದಲ್ಲಿ ಮಾತಾಡುತ್ತಾ ಅವರೇ ಹೇಳಿದರು, ಕಲೆಗೆ ಸರ್ಕಾರದ ಆಸರೆ ಸದ್ದಿಲ್ಲದೆ ಒಳಗೆ ಬಂದುಬಿಟ್ಟಿದೆ ಅಂತ. ಆ ಬಾಗಿಲು ಯುದ್ಧ ಮುಗಿದ ಮೇಲೂ ಮುಚ್ಚದ ಹಾಗೆ ನೋಡಿಕೊಂಡವರು ಅವರು. ಸೆಮಾ ಆರ್ಟ್ಸ್ ಕೌನ್ಸಿಲ್ ಆಗಿ ಉಳಿಯಿತು, 1946ರ ಆಗಸ್ಟಿನಲ್ಲಿ ಅದಕ್ಕೆ ರಾಜಸನದು ಸಿಕ್ಕಿತು. ಅದನ್ನು ನೋಡಲು ಕೇನ್ಸ್ ಇರಲಿಲ್ಲ, ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು.

ಆದರೆ ಯಾವ ಬಾಗಿಲು ಉಳಿಯಿತು ಅಂತಲೂ ನೋಡಬೇಕಲ್ವಾ? ಯುದ್ಧದ ಉದ್ದಕ್ಕೂ ಲಂಡನ್ನಿನ ಕೋವೆಂಟ್ ಗಾರ್ಡನ್ ಅಪೆರಾ ಹೌಸ್ ಜನಸಾಮಾನ್ಯರು ಕುಣಿಯುವ ಡಾನ್ಸ್ ಹಾಲ್ ಆಗಿತ್ತು. 1946ರ ಫೆಬ್ರವರಿ 20ರಂದು ರಾಜಮನೆತನದ ಎದುರು ಬ್ಯಾಲೆ ಆಡಿಸಿ ಮತ್ತೆ ತೆರೆದರು. ಅದರ ಟ್ರಸ್ಟಿನ ಅಧ್ಯಕ್ಷರೂ ಕೇನ್ಸೇ. ಅದೇ ವರ್ಷ ಎನ್ಸಾ ಬಾಗಿಲು ಹಾಕಿತು. ಕ್ಯಾಂಟೀನುಗಳಲ್ಲಿ ಊಟ ಮಾತ್ರ ಉಳಿಯಿತು, ಜೊತೆಗೆ ರೇಡಿಯೋ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ

ಇಲ್ಲಿ ಒಂದು ಮಾತು ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. 1941ರಲ್ಲಿ, ಫೆರಿಯರ್ ಕಾರ್ಖಾನೆಗಳಲ್ಲಿ ಹಾಡಲು ಶುರು ಮಾಡಿದ ವರ್ಷವೇ, ಸಿಲೋನಿನ ಅನಿಲ್ ಡಿ'ಸಿಲ್ವಾ ಅನ್ನುವ ಹೆಣ್ಣುಮಗಳು ಬೆಂಗಳೂರಿನಲ್ಲಿ ಪೀಪಲ್ಸ್ ಥಿಯೇಟರ್ ಅಂತ ತಂಡ ಕಟ್ಟಿದರು. ಅವರು ಬೊಂಬಾಯಿಗೆ ಹೋದ ಮೇಲೆ 1943ರ ಮೇ 25ರಂದು ಅಲ್ಲಿ ಇಪ್ಟಾ (ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್) ಹುಟ್ಟಿತು. ಇಪ್ಟಾದ ಹೆಸರು ಸೂಚಿಸಿದ್ದು ವಿಜ್ಞಾನಿ ಹೋಮಿ ಭಾಭಾ ಎನ್ನುತ್ತಾರೆ, ಅವರಾಗ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೇ (ಐಐಎಸ್‌ಸಿ) ಇದ್ದರು. ಯುದ್ಧದ ವಿಮಾನಗಳ ಕೆಲಸಕ್ಕೆ 1940ರ ಕೊನೆಗೆ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಇದೇ ಊರಲ್ಲಿ. ಇಪ್ಟಾಕ್ಕೆ ಖಜಾನೆಯ ದುಡ್ಡಿಲ್ಲ, ಲೌಡ್‌ಸ್ಪೀಕರ್ ಇಲ್ಲ. ಬಂಗಾಳದ ಬರಗಾಲಕ್ಕೆ ಹಾಡಿ ಕುಣಿದು ದುಡ್ಡು ಎತ್ತಿದರು. ಬ್ರಿಟನ್ನಿನಲ್ಲಿ ಸರ್ಕಾರ ಕಾರ್ಮಿಕರಿಗಾಗಿ ಹಾಡಿಸಿತು, ಇಲ್ಲಿ ಜನ ಆ ಸರ್ಕಾರದ ಆಳ್ವಿಕೆಯಲ್ಲಿ ಹಸಿದವರಿಗಾಗಿ ಹಾಡಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಲಾಗದು. ಆದರೂ ಒಂದೇ ಯುದ್ಧ.

ಇನ್ನು ಆ ಸಂಚಾರಿ. ಇಮೊಜೆನ್ ಹೋಲ್ಸ್ಟ್ 1942ರಲ್ಲಿ ಸೆಮಾ ಬಿಟ್ಟು ಡಾರ್ಟಿಂಗ್ಟನ್‌ಗೆ ಹೋದರು, ಅಲ್ಲಿ ಸಂಗೀತ ಕಲಿಸುವ ಕೆಲಸ. 1950ರ ಕೊನೆಗೆ ಭಾರತಕ್ಕೆ ಬಂದು, ಸುಮಾರು ಎರಡು ತಿಂಗಳು ಶಾಂತಿನಿಕೇತನದಲ್ಲಿ ಇದ್ದರು. ಅಲ್ಲಿ ಇಂಗ್ಲಿಷ್ ಹಾಡು ಕಲಿಸಿದ್ದಕ್ಕಿಂತ ಅವರ ಮನಸ್ಸು ಇದ್ದದ್ದು ಇಲ್ಲಿನ ಜನಪದ ಹಾಡುಗಳಲ್ಲಿ. ಹಾಡುವವರ ಎದುರು ಕೂತು, ಕೇಳಿ, ಸ್ವರ ಬರೆದುಕೊಂಡರು.